ಯೇಟ್ಸ್ ಕೌಂಟಿಯಲ್ಲಿ ಮೊದಲಿನಿಂದ ಇದ್ದವರು ಯಾರು?

ಪ್ರಶ್ನೆ: ಕಳೆದ ಅಕ್ಟೋಬರ್‌ನಲ್ಲಿ ಅಮೆರಿಕದ ರಾಚೆಸ್ಟರ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದೆವು. ಒಂದು ಶನಿವಾರ ಅಳಿಯಂದಿರು ನಮ್ಮನ್ನು ಪೆನ್ ಯಾನ್ ಎಂಬ ಊರಿನ ಕಡೆ ಕರೆದುಕೊಂಡು ಹೋದರು. ಗುಡ್ಡದ ಇಳಿಜಾರಿನ ತುಂಬ ದ್ರಾಕ್ಷಿ ತೋಟ, ಅದರ ಕೆಳಗೆ ನದಿಯಂತೆ ಉದ್ದಕ್ಕೆ ಚಾಚಿದ ಸರೋವರ. ರಸ್ತೆಯಲ್ಲಿ ಕಪ್ಪು ಬಣ್ಣದ ಕುದುರೆ ಗಾಡಿಗಳು, ಉದ್ದ ಲಂಗದ ಹೆಣ್ಣುಮಕ್ಕಳು. ಒಂದು ಕಡೆ ‘ಜೆರುಸಲೇಮ್’ ಎಂಬ ಫಲಕ. ಅದು ಯೇಟ್ಸ್ ಕೌಂಟಿ ಎಂದರು ಅಳಿಯ. ಕೌಂಟಿ ಎಂದರೆ ನಮ್ಮ ತಾಲ್ಲೂಕೋ, ಜಿಲ್ಲೆಯೋ? ಸರೋವರಗಳು ಹಾಗೇಕೆ ಉದ್ದವಾಗಿವೆ? ಜೆರುಸಲೇಮ್ ಅಲ್ಲಿಗೆ ಹೇಗೆ ಬಂತು? ಗಾಡಿಯವರು ಯಾರು, ಅಲ್ಲಿ ಮೊದಲಿನಿಂದ ಇದ್ದವರು ಅವರೇ ಏನು?
— ನಿವೃತ್ತ ಶಿಕ್ಷಕಿ, ಹಾಸನ

ಉತ್ತರ: ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದಕ್ಕೇ ಬಂದು ಸೇರುತ್ತದೆ. ಅಲ್ಲ, ಮೊದಲಿನಿಂದ ಇದ್ದವರು ಅವರಲ್ಲ. ಕುದುರೆ ಗಾಡಿಯವರು ಆ ಸೀಮೆಗೆ ಬಂದು ಸುಮಾರು ಐವತ್ತು ವರ್ಷವಾಗಿದೆ, ಅಷ್ಟೇ. ಅವರ ಉಡುಪನ್ನೂ ಗಾಡಿಯನ್ನೂ ನೋಡಿದವರಿಗೆ ಇವರೇ ಇಲ್ಲಿಯ ಮೂಲದವರು ಎನ್ನಿಸುವುದು ಸಹಜ. ನಾನು ಮೊದಲ ಬಾರಿ ಹೋದಾಗ ನನಗೂ ಹಾಗೇ ಅನ್ನಿಸಿತ್ತು. ಭೂಗೋಳ ಕಲಿಸುತ್ತಿದ್ದವನಾದ್ದರಿಂದ ಆಮೇಲೆ ಮೂರು ಬೇಸಿಗೆ ಆ ಕೌಂಟಿಯಲ್ಲಿ ಓಡಾಡಿದೆ. ಆಗ ಗೊತ್ತಾದದ್ದು ಇದು: ಅಲ್ಲಿಗೆ ಬಂದ ಪ್ರತಿಯೊಂದು ಗುಂಪಿಗೂ ಯಾರೋ ಬಿಟ್ಟುಹೋದ, ಇಲ್ಲವೇ ಯಾರನ್ನೋ ಬಿಡಿಸಿದ ನೆಲ ಸಿಕ್ಕಿದೆ.

ಮೊದಲು ಕೌಂಟಿಯ ವಿಷಯ ಮುಗಿಸಿಬಿಡೋಣ. ಅಧಿಕಾರದಲ್ಲಿ ಅದು ನಮ್ಮ ಜಿಲ್ಲೆಗೆ ಹತ್ತಿರ, ಗಾತ್ರದಲ್ಲಿ ತಾಲ್ಲೂಕಿಗೆ. ನ್ಯೂಯಾರ್ಕ್ ರಾಜ್ಯದ ಯೇಟ್ಸ್ ಕೌಂಟಿಯ ನೆಲ ಸುಮಾರು 875 ಚದರ ಕಿಲೋಮೀಟರ್. 2020ರ ಜನಗಣತಿಯಲ್ಲಿ ಅಲ್ಲಿದ್ದವರು 24,774 ಮಂದಿ. ಆದರೂ ಅದಕ್ಕೆ ತನ್ನದೇ ಚುನಾಯಿತ ಮಂಡಳಿ, ನ್ಯಾಯಾಲಯ, ಶೆರಿಫ್ ಇದ್ದಾರೆ. ಅದರ ಕೆಳಗೆ ಒಂಬತ್ತು ‘ಟೌನ್’ಗಳು. ಈ ಪದವೇ ನಮ್ಮವರನ್ನು ದಾರಿ ತಪ್ಪಿಸುವುದು. ಅಲ್ಲಿ ಟೌನ್ ಎಂದರೆ ಪಟ್ಟಣವಲ್ಲ, ನಮ್ಮ ಹೋಬಳಿಯಂಥ ಒಂದು ಪ್ರದೇಶ. ನೀವು ಫಲಕ ನೋಡಿದ ಜೆರುಸಲೇಮ್ ಅಂಥ ಒಂದು ಟೌನ್. ಫಲಕ ದಾಟಿ ಎಷ್ಟು ದೂರ ಹೋದರೂ ಹೊಲ, ತೋಟ, ಕೊಟ್ಟಿಗೆ ಬಿಟ್ಟರೆ ಪೇಟೆ ಕಾಣದಿದ್ದುದು ಅದಕ್ಕೇ. ಕೌಂಟಿ ಹುಟ್ಟಿದ್ದು 1823ರ ಫೆಬ್ರವರಿಯಲ್ಲಿ, ಒಂಟಾರಿಯೋ ಕೌಂಟಿಯಿಂದ ಬೇರ್ಪಟ್ಟು. ಆಗಿನ ಗವರ್ನರ್ ಜೋಸೆಫ್ ಯೇಟ್ಸ್ ಅವರ ಹೆಸರು ಇಟ್ಟರು. ಆಡಳಿತ ಕೇಂದ್ರ ಪೆನ್ ಯಾನ್. ಪೆನ್ಸಿಲ್ವೇನಿಯಾದಿಂದ ಬಂದವರಿಗೂ ನ್ಯೂ ಇಂಗ್ಲೆಂಡಿನಿಂದ ಬಂದ ‘ಯಾಂಕಿ’ಗಳಿಗೂ ಊರಿನ ಹೆಸರಿನ ಬಗ್ಗೆ ಜಗಳವಾಗಿ, ಎರಡರ ಮೊದಲ ಅಕ್ಷರಗಳನ್ನು ಜೋಡಿಸಿ ರಾಜಿ ಮಾಡಿಕೊಂಡರಂತೆ.

ಇನ್ನು ಸರೋವರಗಳು. ನೀವು ಹಾಸನದವರು, ಕೆರೆ, ಏರಿ, ಕೋಡಿ ಎಂದರೆ ವಿವರಿಸಬೇಕಾಗಿಲ್ಲ. ಈ ಮೂರು ಮಾತುಗಳಲ್ಲೇ ಆ ಭೂಗೋಳವನ್ನು ಹೇಳಬಹುದು. ಹಿಮಯುಗಕ್ಕೆ ಮೊದಲು ಅಲ್ಲಿ ಉತ್ತರ-ದಕ್ಷಿಣವಾಗಿ ಹರಿಯುವ ನದಿಗಳ ಕಣಿವೆಗಳಿದ್ದವು. ಉತ್ತರದಿಂದ ಇಳಿದ ಹಿಮದ ಹಾಳೆ ಆ ಕಣಿವೆಗಳೊಳಗೆ ನುಗ್ಗಿ ಅವನ್ನು ಆಳವಾಗಿ ಉಜ್ಜಿತು. ಹಿಮ ಕರಗಿ ಹಿಂದೆ ಸರಿಯುವಾಗ, ತಾನು ಹೊತ್ತು ತಂದಿದ್ದ ಜಲ್ಲಿ, ಮಣ್ಣು, ಬಂಡೆಗಳನ್ನು ಕಣಿವೆಗಳ ದಕ್ಷಿಣದ ಬಾಯಲ್ಲಿ ಸುರಿದುಹೋಯಿತು. ಅದೇ ಏರಿ. ಮನುಷ್ಯ ಕಟ್ಟದ ಏರಿ. ಅದರ ಹಿಂದೆ ನೀರು ನಿಂತು ಹನ್ನೊಂದು ಉದ್ದನೆಯ ಸರೋವರಗಳಾದವು. ಬೆರಳುಗಳಂತೆ ಕಾಣುವುದರಿಂದ ಅವಕ್ಕೆ ಫಿಂಗರ್ ಲೇಕ್ಸ್ ಎಂಬ ಹೆಸರು. ಯೇಟ್ಸ್ ಕೌಂಟಿಗೆ ಇವುಗಳಲ್ಲಿ ಮೂರರ ದಂಡೆ ಸಿಕ್ಕಿದೆ: ಪೂರ್ವಕ್ಕೆ ಸೆನೆಕಾ, ಪಶ್ಚಿಮಕ್ಕೆ ಕ್ಯಾನನ್‌ಡೇಗ್ವಾ, ನಡುವೆ ಕ್ಯೂಕಾ.

ಸೆನೆಕಾ ಸುಮಾರು 61 ಕಿಲೋಮೀಟರ್ ಉದ್ದ, 188 ಮೀಟರ್ ಆಳ. ಅದರ ನೀರಿನ ಮಟ್ಟ ಸಮುದ್ರ ಮಟ್ಟದಿಂದ 136 ಮೀಟರ್ ಮೇಲಿದೆ, ಅಂದರೆ ತಳ ಸಮುದ್ರ ಮಟ್ಟಕ್ಕಿಂತ 50 ಮೀಟರಿಗೂ ಕೆಳಗೆ. ಹಿಮ ಎಷ್ಟು ಬಲವಾಗಿ ಕೊರೆದಿರಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಇಷ್ಟು ಆಳದ ನೀರು ಚಳಿಗಾಲದಲ್ಲೂ ಪೂರ್ತಿ ಹೆಪ್ಪುಗಟ್ಟುವುದು ತೀರ ಅಪರೂಪ. ಕ್ಯೂಕಾದ ಆಕಾರವೇ ಬೇರೆ. ಬೆರಳುಗಳ ನಡುವೆ ಅದೊಂದು ಕವಲು ಕೋಲು, ಇಂಗ್ಲಿಷಿನ ವೈ ಅಕ್ಷರದ ಹಾಗೆ. ಹಿಂದೆ ಅದನ್ನು ‘ಸೊಟ್ಟ ಸರೋವರ’ ಎಂದೇ ಕರೆಯುತ್ತಿದ್ದರು. ಎರಡು ಕವಲುಗಳ ನಡುವೆ ನೂರಾರು ಅಡಿ ಎತ್ತರಕ್ಕೆ ಎದ್ದಿರುವ ಗುಡ್ಡ ಬ್ಲಫ್ ಪಾಯಿಂಟ್. ಅದರ ತುದಿಯ ಕಡೆ ನಡೆದರೆ ಎಡಕ್ಕೂ ನೀರು, ಬಲಕ್ಕೂ ನೀರು.

ಈ ಕ್ಯೂಕಾದ ಕೋಡಿ ಇರುವುದು ಪೆನ್ ಯಾನ್ ಊರೊಳಗೇ. ನಮ್ಮ ಸರಣಿ ಕೆರೆಗಳಲ್ಲಿ ಮೇಲಿನ ಕೆರೆಯ ಕೋಡಿ ನೀರು ಕೆಳಗಿನ ಕೆರೆಗೆ ಹೋಗುವಂತೆ, ಕ್ಯೂಕಾದ ಕೋಡಿ ನೀರು ಸೆನೆಕಾಕ್ಕೆ ಇಳಿಯುತ್ತದೆ. ಸುಮಾರು 11 ಕಿಲೋಮೀಟರ್ ದಾರಿಯಲ್ಲಿ 80 ಮೀಟರಿನಷ್ಟು ಇಳಿತ. ಕೌಂಟಿಯ ಆರ್ಥಿಕ ಇತಿಹಾಸವೆಲ್ಲ ಮೊದಲು ಈ ಹಳ್ಳದ ದಂಡೆಯಲ್ಲೇ ನಡೆಯಿತು. ಅದಕ್ಕೆ ಮತ್ತೆ ಬರುತ್ತೇನೆ. ಈಗ ಜನರ ಕಡೆಗೆ.

ಮೊದಲಿನಿಂದ ಇದ್ದವರು ಸೆನೆಕಾ ಜನ. ಸೆನೆಕಾ ಎಂಬುದು ಹೊರಗಿನವರು ಇಟ್ಟ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರಿಗೆ ‘ದೊಡ್ಡ ಗುಡ್ಡದ ಜನ’ ಎಂದು ಅರ್ಥ. ಇರಕ್ವಾ ಎಂದು ನಾವು ಪಠ್ಯಪುಸ್ತಕಗಳಲ್ಲಿ ಓದಿದ, ಮೂಲನಿವಾಸಿಗಳ ಹೊಡನೊಸೌನಿ ಒಕ್ಕೂಟದಲ್ಲಿ ಪಶ್ಚಿಮ ಬಾಗಿಲ ಕಾವಲು ಅವರದು. ಆ ದೊಡ್ಡ ಗುಡ್ಡ ಇರುವುದು ಕ್ಯಾನನ್‌ಡೇಗ್ವಾ ಸರೋವರದ ಪೂರ್ವ ದಂಡೆಯ ಮೇಲೆ. ಬೇರ್ ಹಿಲ್ ಎಂದು ಅನೇಕರು ತೋರಿಸುವ ಅದು ಯೇಟ್ಸ್ ಕೌಂಟಿಯ ಮಿಡ್ಲ್‌ಸೆಕ್ಸ್ ಟೌನಿನಲ್ಲಿದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ ಬೋಳುಗುಡ್ಡ. ಅದು ಬೋಳಾದ ಕಥೆ ಹೀಗೆ: ಊರಿನ ಹುಡುಗನೊಬ್ಬ ಸಾಕಿದ ಹಾವು ಬೆಳೆದು ಬೆಳೆದು ಗುಡ್ಡವನ್ನೇ ಸುತ್ತಿಕೊಂಡಿತು, ತಪ್ಪಿಸಿಕೊಳ್ಳಲು ಹೊರಟವರನ್ನೆಲ್ಲ ನುಂಗಿತು. ಕೊನೆಗೆ ಮಂತ್ರದ ಬಾಣ ತಗುಲಿ ಇಳಿಜಾರಿನಲ್ಲಿ ಉರುಳುವಾಗ ಮರಗಳನ್ನೆಲ್ಲ ಮುರಿದುಕೊಂಡು ಹೋಯಿತು. ನುಂಗಿದ ತಲೆಗಳನ್ನು ಸರೋವರಕ್ಕೆ ಕಕ್ಕಿತು. ಆ ದಂಡೆಯಲ್ಲಿ ಸಿಗುವ ಗುಂಡಗಿನ ಕಲ್ಲುಗಳು ಆ ತಲೆಗಳಂತೆ. ಅಂಥ ಒಂದು ಕಲ್ಲನ್ನು ಕೈಯಲ್ಲಿ ಹಿಡಿದು ನೋಡಿದ್ದೇನೆ. ಮೇಲ್ಮೈಯಲ್ಲಿ ಆಮೆಯ ಚಿಪ್ಪಿನಂತೆ ಗೆರೆಗಳು. ಕೆಸರಿನಲ್ಲಿ ಖನಿಜ ಗಡ್ಡೆಕಟ್ಟಿ, ಒಣಗಿ ಬಿರಿದು, ಬಿರುಕಿನಲ್ಲಿ ಬೇರೆ ಖನಿಜ ತುಂಬಿಕೊಂಡಾಗ ಹಾಗಾಗುತ್ತದೆ ಎಂದು ಭೂವಿಜ್ಞಾನ ಹೇಳುತ್ತದೆ. ಎರಡು ವಿವರಣೆಗಳೂ ತರಗತಿಯಲ್ಲಿ ಹೇಳತಕ್ಕವೇ.

ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಸೆನೆಕಾದವರಲ್ಲಿ ಹೆಚ್ಚಿನವರು ಬ್ರಿಟಿಷರ ಪರ ನಿಂತರು. 1779ರಲ್ಲಿ ಜಾರ್ಜ್ ವಾಷಿಂಗ್ಟನ್ ಆದೇಶದ ಮೇಲೆ ಜನರಲ್ ಸಲಿವನ್ ಸೈನ್ಯ ಈ ಸೀಮೆಗೆ ನುಗ್ಗಿತು. ಯುದ್ಧ ನಡೆದದ್ದು ಕಡಿಮೆ. ನಡೆದದ್ದು ಸುಡುವ ಕೆಲಸ. ನಲವತ್ತಕ್ಕೂ ಹೆಚ್ಚು ಗ್ರಾಮಗಳನ್ನು ಸುಟ್ಟರು. ನಿಂತ ಮೆಕ್ಕೆಜೋಳವನ್ನು ಕಡಿದು ಬೆಂಕಿಗೆ ಹಾಕಿದರು. ಸೇಬು, ಪೀಚ್ ಮರಗಳ ತೊಗಟೆ ಸುಲಿದು ಅವು ಒಣಗುವಂತೆ ಮಾಡಿದರು. ಸೆನೆಕಾ ಸರೋವರದ ಪಶ್ಚಿಮ ದಂಡೆಯಲ್ಲಿದ್ದ ಕಶಾಂಗ್ ಗ್ರಾಮಕ್ಕೂ ಒಂದು ತುಕಡಿ ಹೋಯಿತು. ಆ ವರ್ಷ ಚಳಿಗಾಲ ಎಂದಿಗಿಂತ ಕಠಿಣವಾಗಿತ್ತು. ನಯಾಗರಾ ಕೋಟೆಯ ಸುತ್ತ ಆಶ್ರಯಕ್ಕೆ ಸೇರಿದವರಲ್ಲಿ ಎಷ್ಟೋ ಮಂದಿ ಹಸಿವು, ಚಳಿಗಳಿಂದ ಸತ್ತರು. ಸುಟ್ಟ ಸೈನಿಕರೇ ತಮ್ಮ ದಿನಚರಿಗಳಲ್ಲಿ ಆ ಮಣ್ಣಿನ ಫಲವತ್ತತೆಯನ್ನು, ತೋಟಗಳ ಅಂದವನ್ನು ಬರೆದಿಟ್ಟುಕೊಂಡರು. ಯುದ್ಧ ಮುಗಿದ ಮೇಲೆ ಕೆಲವರು ಅಲ್ಲಿಗೇ ಮರಳಿ ಒಕ್ಕಲಾದರು. ಸ್ಥಳೀಯ ಫಲಕಗಳಲ್ಲಿ ‘ವಸಾಹತುಗಾರರು ಕಾಡಿಗೆ ಬಂದರು’ ಎಂಬಂಥ ಮಾತು ಓದಿದಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರು ಬಂದದ್ದು ಹತ್ತು ವರ್ಷದ ಹಿಂದೆ ಉತ್ತು ಬೆಳೆದಿದ್ದ ಹೊಲಕ್ಕೆ.

ಆಮೇಲೆ ಬಂದದ್ದು ಸರ್ವೆ ಸರಪಳಿ. ಈ ಪ್ರದೇಶವನ್ನು ಮೂಲನಿವಾಸಿಗಳಿಂದ ಮೊದಲು ಕೊಳ್ಳುವ ಹಕ್ಕು ತನ್ನದು ಎಂದು ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಎರಡೂ ವಾದಿಸುತ್ತಿದ್ದವು. 1786ರಲ್ಲಿ ರಾಜಿಯಾಗಿ, ಪೆನ್ಸಿಲ್ವೇನಿಯಾ ಗಡಿಯಿಂದ ಉತ್ತರಕ್ಕೆ ಒಂದು ನೇರ ಗೆರೆ ಎಳೆದು, ಅದರ ಪಶ್ಚಿಮದ ಖರೀದಿ ಹಕ್ಕು ಮ್ಯಾಸಚೂಸೆಟ್ಸಿಗೆ ಎಂದಾಯಿತು. ಗೆರೆಯ ಆಚೆ ಬದಿಗೆ ಬದುಕುತ್ತಿದ್ದವರನ್ನು ಆ ರಾಜಿಯಲ್ಲಿ ಯಾರೂ ಕೇಳಲಿಲ್ಲ. 1788ರಲ್ಲಿ ಫೆಲ್ಪ್ಸ್ ಮತ್ತು ಗೋರಮ್ ಎಂಬ ಇಬ್ಬರು ಆ ಹಕ್ಕನ್ನು ಕೊಂಡು, ಸೆನೆಕಾದವರಿಂದ ಸುಮಾರು 26 ಲಕ್ಷ ಎಕರೆ ಬರೆಸಿಕೊಂಡರು. ಅದೇ ವರ್ಷ ನೆಲದ ಮೇಲೆ ಅಳೆದು ಎಳೆದ ಗೆರೆ ಉತ್ತರಕ್ಕೆ ಹೋಗುತ್ತ ಹೋಗುತ್ತ ಪಶ್ಚಿಮಕ್ಕೆ ವಾಲಿಬಿಟ್ಟಿತು. ಕೆಲವೇ ವರ್ಷಗಳಲ್ಲಿ ಮತ್ತೆ ಅಳೆದಾಗ ಗೆರೆ ಪೂರ್ವಕ್ಕೆ ಸರಿಯಿತು. ಎರಡು ಗೆರೆಗಳ ನಡುವೆ ಸಿಕ್ಕ ಪಟ್ಟಿಯಲ್ಲಿ ಆಗಲೇ ಮನೆ ಕಟ್ಟಿಕೊಂಡಿದ್ದವರ ಗತಿ ಏನು? ಹದ್ದುಬಸ್ತು ಮಾಡಿಸಿದಾಗ ತಾನು ಉತ್ತ ಸಾಲು ಪಕ್ಕದವನದು ಎಂದು ತಿಳಿದವನ ಸಂಕಟ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಆ ಹಳೆಯ ಗೆರೆ ಇಂದಿಗೂ ಪ್ರಿಎಂಪ್ಷನ್ ರೋಡ್, ಅಂದರೆ ‘ಮೊದಲು ಕೊಳ್ಳುವ ಹಕ್ಕಿನ ರಸ್ತೆ’, ಎಂಬ ಹೆಸರಿನಲ್ಲಿ ಉಳಿದಿದೆ. ಪೆನ್ ಯಾನ್ ಪೂರ್ವಕ್ಕೆ ಹೊಲಗಳ ನಡುವೆ ನೆಟ್ಟಗೆ ಹೋಗುವ ಸಾಮಾನ್ಯ ರಸ್ತೆ; ಅದರ ಮೇಲೆ ಕಾರಿನಲ್ಲಿ ಹೋಗುವಾಗ ನೀವು ಒಂದು ತಪ್ಪು ಸರ್ವೆಯ ಮೇಲೆ ಹೋಗುತ್ತಿರುತ್ತೀರಿ.

ಎರಡು ಗೆರೆಗಳ ನಡುವೆ ಸಿಕ್ಕಿಕೊಂಡವರೇ ನಿಮ್ಮ ಜೆರುಸಲೇಮಿನ ಸ್ಥಾಪಕರು.

1752ರಲ್ಲಿ ರೋಡ್ ಐಲೆಂಡಿನಲ್ಲಿ, ಕ್ವೇಕರ್ ಎಂಬ ಕ್ರೈಸ್ತ ಪಂಥದ ಕುಟುಂಬವೊಂದರಲ್ಲಿ ಜೆಮೈಮಾ ವಿಲ್ಕಿನ್ಸನ್ ಎಂಬ ಹೆಣ್ಣುಮಗು ಹುಟ್ಟಿತು. 1776ರ ಅಕ್ಟೋಬರ್‌ನಲ್ಲಿ ತೀವ್ರ ಜ್ವರ ಬಂದು, ಬದುಕುವುದೇ ಅನುಮಾನ ಎನ್ನುವ ಸ್ಥಿತಿಯಿಂದ ಎದ್ದಾಗ ಹೇಳಿದ್ದು ಇದು: ಜೆಮೈಮಾ ಸತ್ತುಹೋದಳು, ಈ ದೇಹದಲ್ಲಿ ಈಗ ಇರುವುದು ದೇವರು ಕಳಿಸಿದ ಚೇತನ, ಅದು ಹೆಣ್ಣೂ ಅಲ್ಲ, ಗಂಡೂ ಅಲ್ಲ, ಹೆಸರು ‘ಪಬ್ಲಿಕ್ ಯೂನಿವರ್ಸಲ್ ಫ್ರೆಂಡ್’, ಎಲ್ಲರ ಮಿತ್ರ. ಅಂದಿನಿಂದ ಸಾಯುವವರೆಗೆ ಹಳೆಯ ಹೆಸರಿಗೆ ಓಗೊಡಲಿಲ್ಲ. ‘ಅವಳು’ ಎನ್ನಬೇಕೋ ‘ಅವನು’ ಎನ್ನಬೇಕೋ ಎಂದು ಇಂಗ್ಲಿಷಿನಲ್ಲಿ ಬರೆಯುವವರು ಇನ್ನೂರು ವರ್ಷ ಒದ್ದಾಡಿದ್ದಾರೆ. ನಮಗೆ ಆ ತೊಂದರೆ ಇಲ್ಲ. ‘ಅವರು’ ಎಂದರೆ ಗೌರವವೂ ಆಯಿತು, ಫ್ರೆಂಡ್ ಅವರ ಇಚ್ಛೆಯೂ ನಡೆಯಿತು.

ಅವರು ಕುದುರೆಯೇರಿ ಊರೂರು ತಿರುಗಿ ಬೋಧಿಸಿದರು. ಗುಲಾಮಗಿರಿ ಪಾಪ ಎಂದರು; ಅನುಯಾಯಿಗಳು ತಮ್ಮ ಗುಲಾಮರನ್ನು ಬಿಡುಗಡೆ ಮಾಡುವಂತೆ ಮನವೊಲಿಸಿದರು. ಮದುವೆಯಾಗದೆ ಉಳಿದ ಹೆಣ್ಣುಮಕ್ಕಳಿಗೆ ಅವರ ಸಮುದಾಯದಲ್ಲಿ ಯಜಮಾನಿಕೆಯೂ ಸ್ಥಾನವೂ ಇತ್ತು. ಪೂರ್ವದ ಪಟ್ಟಣಗಳಲ್ಲಿ ವಿರೋಧ ಹೆಚ್ಚಿದಾಗ, ಜಗಳವಿಲ್ಲದ ಜಾಗ ಹುಡುಕಿಕೊಂಡು 1788ರಲ್ಲಿ ಅನುಯಾಯಿಗಳ ಮೊದಲ ತಂಡ ಸೆನೆಕಾ ಸರೋವರದ ದಂಡೆಗೆ ಬಂತು. 1790ರ ಹೊತ್ತಿಗೆ ಸುಮಾರು 260 ಮಂದಿ. ಆ ವರ್ಷ ಫ್ರೆಂಡ್ ಅವರೂ ಬಂದು ಸೇರಿದರು. ಕ್ಯೂಕಾ ಕೋಡಿಯ ಹಳ್ಳದ ಮೇಲೆ ಹಿಟ್ಟಿನ ಗಿರಣಿ ಕಟ್ಟಿದವರು ಇವರೇ. ಆಮೇಲೆ ಸರ್ವೆ ಗೆರೆ ಸರಿಯಿತು. ಹಕ್ಕುಪತ್ರಗಳ ತಕರಾರು ಎದ್ದಿತು. ಅನುಯಾಯಿಗಳಲ್ಲೇ ಭೂಮಿಗಾಗಿ ಒಡಕು ಬಂತು. ಫ್ರೆಂಡ್ ತಮ್ಮ ಜೊತೆ ಉಳಿದವರೊಂದಿಗೆ ಪಶ್ಚಿಮಕ್ಕೆ, ಕ್ಯೂಕಾದ ಕವಲಿನ ಮೇಲಿನ ಗುಡ್ಡಗಳಿಗೆ ಹೋದರು. ಅಲ್ಲಿಗೆ ಇಟ್ಟ ಹೆಸರು ಜೆರುಸಲೇಮ್.

ಅವರ ಬದುಕಿನಲ್ಲಿ ನನ್ನನ್ನು ಬಹಳ ಕಾಡುವ ಘಟನೆ 1794ರದು. ಆ ವರ್ಷ ಹೊಡನೊಸೌನಿ ನಾಯಕರು, ಅಮೆರಿಕದ ಸರ್ಕಾರದ ಪ್ರತಿನಿಧಿ ಇಬ್ಬರೂ ಒಪ್ಪಂದಕ್ಕಾಗಿ ಕ್ಯಾನನ್‌ಡೇಗ್ವಾದಲ್ಲಿ ಸೇರಿದ್ದರು. ಫ್ರೆಂಡ್ ಅಲ್ಲಿಗೆ ಹೋಗಿ ಸಭೆಯ ನಡುವೆ ಶಾಂತಿಗಾಗಿ ಪ್ರಾರ್ಥಿಸಿ ಮಾತನಾಡಿದರು. ನೆಲ ಕಳೆದುಕೊಂಡವರೂ, ಅದೇ ನೆಲದಲ್ಲಿ ಆಶ್ರಯ ಹುಡುಕಿ ಬಂದವರೂ ಒಂದೇ ಕಡೆ ನಿಂತದ್ದು ಅಲ್ಲಿ. ನವೆಂಬರ್ 11ರಂದು ಆ ಒಪ್ಪಂದಕ್ಕೆ ಸಹಿ ಬಿತ್ತು. ಅದರ ಪ್ರಕಾರ ಒಕ್ಕೂಟದವರಿಗೆ ಸಲ್ಲಬೇಕಾದ ಬಟ್ಟೆಯನ್ನು ಅಮೆರಿಕದ ಸರ್ಕಾರ ಇಂದಿಗೂ ಪ್ರತಿ ವರ್ಷ ಕಳಿಸುತ್ತದೆ; ಒಬ್ಬೊಬ್ಬರ ಪಾಲಿಗೆ ಬರುವುದು ಚೂರೇ. ಆದರೂ ಅದನ್ನು ಅವರು ಬಿಡದೆ ಪಡೆಯುತ್ತಾರೆ. ಬಟ್ಟೆ ಬರುತ್ತಿರುವವರೆಗೆ ಒಪ್ಪಂದ ಜೀವಂತ. ಸೆನೆಕಾದವರು ಅಳಿದುಹೋದವರಲ್ಲ, ನ್ಯೂಯಾರ್ಕಿನ ಪಶ್ಚಿಮದಲ್ಲಿ ಅವರದೇ ನೆಲೆಗಳಿವೆ, ಅವರದೇ ಆಡಳಿತವಿದೆ.

ಫ್ರೆಂಡ್ 1819ರ ಜುಲೈ 1ರಂದು ತೀರಿಕೊಂಡರು. ಹೊಸಬರನ್ನು ಸೇರಿಸಿಕೊಳ್ಳದ, ಬ್ರಹ್ಮಚರ್ಯವನ್ನು ಮೆಚ್ಚುವ ಸಮುದಾಯ ಎಷ್ಟು ಕಾಲ ಉಳಿದೀತು? ಎರಡು ತಲೆಮಾರಿನೊಳಗೆ ಕರಗಿತು. ಅವರ ಮನೆ ಉಳಿದಿದೆ, ಟೌನಿನ ಹೆಸರು ಉಳಿದಿದೆ. ಅದೇ ಕೌಂಟಿಯ ಡ್ರೆಸ್ಡನ್ ಎಂಬ ಪುಟ್ಟ ಊರಿನಲ್ಲಿ 1833ರಲ್ಲಿ ಪಾದ್ರಿಯೊಬ್ಬರಿಗೆ ಹುಟ್ಟಿದ ಮಗ ರಾಬರ್ಟ್ ಇಂಗರ್ಸಾಲ್. ಧರ್ಮವನ್ನು ಪ್ರಶ್ನಿಸಿದ ಭಾಷಣಕಾರ, ನಮ್ಮ ವಿಚಾರವಾದಿಗಳಿಗೂ ಪರಿಚಿತವಾದ ಹೆಸರು. ಹುಟ್ಟಿದ ಮನೆ ಈಗ ವಸ್ತುಸಂಗ್ರಹಾಲಯ.

ಆ ಕೋಡಿ ಹಳ್ಳಕ್ಕೆ ಬರುತ್ತೇನೆ ಎಂದಿದ್ದೆ. ಫ್ರೆಂಡ್ ಅವರ ಗಿರಣಿಯ ನಂತರ ಹಳ್ಳದುದ್ದಕ್ಕೂ ಹಿಟ್ಟು, ಮರ, ಕಾಗದದ ಗಿರಣಿಗಳು ಎದ್ದವು. 1833ರಲ್ಲಿ ಪಕ್ಕದಲ್ಲೇ ಕಾಲುವೆ ತೋಡಿ, ದೋಣಿಗಳನ್ನು ಮೆಟ್ಟಿಲು ಹತ್ತಿಸಿದಂತೆ ಒಂದೊಂದೇ ತೂಬಿನ ಕಟ್ಟೆಯಲ್ಲಿ ಏರಿಸಿ ಇಳಿಸಿದರು. 1877ರಲ್ಲಿ ಕಾಲುವೆ ಮುಚ್ಚಿತು. ದೋಣಿ ಎಳೆಯುವ ಹೇಸರಗತ್ತೆಗಳು ನಡೆಯುತ್ತಿದ್ದ ದಾರಿಯ ಮೇಲೆ ರೈಲು ಬಂತು. 1972ರ ಆಗ್ನೆಸ್ ಚಂಡಮಾರುತದ ಪ್ರವಾಹ ಆ ಹಳಿಗಳನ್ನೂ ಕೊಚ್ಚಿಕೊಂಡು ಹೋಯಿತು. ಈಗ ಅದು ಕಾಲುದಾರಿ. ಅಲ್ಲಿ ನಡೆದರೆ ಪಾಚಿ ಹಿಡಿದ ಕಟ್ಟೆ ಕಲ್ಲುಗಳ ನಡುವೆ ಮರಗಳು ಬೆಳೆದು ನಿಂತಿರುವುದು ಕಾಣುತ್ತದೆ. ಪೆನ್ ಯಾನ್ ಊರೊಳಗೆ ಮಾತ್ರ ಒಂದು ಗಿರಣಿ ಇನ್ನೂ ನಡೆಯುತ್ತಿದೆ. ಅಲ್ಲಿ ಬೀಸುವುದು ಬಕ್‌ವೀಟ್, ಅಂದರೆ ಉತ್ತರ ಭಾರತದವರು ವ್ರತದ ದಿನ ತಿನ್ನುವ ಕುಟ್ಟು. ಅದರ ಗೋಡೆಗೆ ತಗುಲಿಹಾಕಿರುವ ಭಾರಿ ಕಾವಲಿಯನ್ನು ನೋಡಿರಬಹುದು. 1987ರಲ್ಲಿ 28 ಅಡಿ ಅಗಲದ ದೋಸೆಯಂಥ ಪ್ಯಾನ್‌ಕೇಕ್ ಬೇಯಿಸಿದ್ದು ಅದರ ಮೇಲೆ.

ದ್ರಾಕ್ಷಿ ಅಲ್ಲಿ ನಿಲ್ಲುವುದಕ್ಕೆ ಸರೋವರವೇ ಕಾರಣ. ವಸಂತದಲ್ಲಿ ತಣ್ಣಗಿರುವ ನೀರು ದಂಡೆಯ ಗಾಳಿಯನ್ನು ತಂಪಾಗಿಟ್ಟು ಚಿಗುರನ್ನು ತಡಮಾಡುತ್ತದೆ. ಹಾಗಾಗಿ ಕೊನೆಯ ಇಬ್ಬನಿ ಹಿಮಕ್ಕೆ ಎಳೆ ಚಿಗುರು ಸಿಗುವುದಿಲ್ಲ. ಶರತ್ಕಾಲದಲ್ಲಿ ಬೇಸಿಗೆಯ ಬಿಸಿ ಹಿಡಿದಿಟ್ಟ ನೀರು ಮೊದಲ ಹಿಮವನ್ನು ತಡೆಯುತ್ತದೆ. ರಾತ್ರಿಯ ಭಾರವಾದ ತಣ್ಣನೆ ಗಾಳಿ ಇಳಿಜಾರಿನಲ್ಲಿ ಜಾರಿ ಕೆಳಗೆ ಹೋಗುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕ್ಯೂಕಾದ ಮೇಲೆ ಆವಿ ದೋಣಿಗಳು ದ್ರಾಕ್ಷಿ ಬುಟ್ಟಿ ಸಾಗಿಸುತ್ತಿದ್ದವು. 1920ರ ಪಾನನಿಷೇಧದಲ್ಲಿ ವೈನ್ ತಯಾರಿಕೆ ನೆಲಕಚ್ಚಿತು. ಅದು ಮತ್ತೆ ಎದ್ದು, ರೈತನೇ ತನ್ನ ತೋಟದಲ್ಲಿ ವೈನ್ ಮಾಡಿ ಮಾರಬಹುದಾದದ್ದು 1976ರ ರಾಜ್ಯ ಕಾಯ್ದೆಯ ನಂತರ.

ಸರಿಸುಮಾರು ಅದೇ ಹೊತ್ತಿಗೆ ಕುದುರೆ ಗಾಡಿಗಳೂ ಬಂದವು. ಅವರು ಮೆನೋನೈಟರು ಎಂಬ ಕ್ರೈಸ್ತ ಪಂಥದವರು, ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಿಂದ 1970ರ ದಶಕದಲ್ಲಿ ಬರತೊಡಗಿದವರು. ಅಲ್ಲಿ ಪಟ್ಟಣ ಬೆಳೆದು ಹೊಲದ ಬೆಲೆ ಗಗನಕ್ಕೇರಿತ್ತು, ಮನೆ ತುಂಬ ಮಕ್ಕಳಿರುವ ಅವರಿಗೆ ಹಂಚಲು ಜಮೀನು ಸಾಲದಾಯಿತು. ಇಲ್ಲಿ ಹಾಲಿನ ಕಸುಬು ಕೈಕೊಟ್ಟು ರೈತರು ಸೋವಿಯಾಗಿ ಜಮೀನು ಮಾರುತ್ತಿದ್ದರು. ಮತ್ತೊಮ್ಮೆ ಒಬ್ಬರು ಬಿಟ್ಟ ನೆಲ ಇನ್ನೊಬ್ಬರಿಗೆ. ಈ ಬಾರಿ ಬೆಂಕಿಯಿಲ್ಲದೆ, ಕ್ರಯಪತ್ರದ ಮೇಲೆ.

ಇವರನ್ನು ಅಮಿಶರು, ಅಂದರೆ ಇವರಂತೆಯೇ ಕುದುರೆ ಗಾಡಿ ಬಳಸುವ ಇನ್ನೊಂದು ಪಂಥದವರು, ಎಂದು ತಿಳಿಯುವವರೇ ಹೆಚ್ಚು. ಮದುವೆಯಾದ ಅಮಿಶ್ ಗಂಡಸರು ಗಡ್ಡ ಬಿಡುತ್ತಾರೆ, ಇವರು ಬಿಡುವುದಿಲ್ಲ. ಮನೆಯ ಮಾತು ಜರ್ಮನ್ ಭಾಷೆಯ ಒಂದು ಹಳೆಯ ಉಪಭಾಷೆ. ಮಕ್ಕಳು ಎಂಟನೆಯ ತರಗತಿಯವರೆಗೆ ತಮ್ಮದೇ ಶಾಲೆಯಲ್ಲಿ ಓದುತ್ತಾರೆ. ಮನೆಗೆ ವಿದ್ಯುತ್, ಫೋನ್ ಉಂಟು, ಕಾರು ಇಲ್ಲ. ಹೊಲದಲ್ಲಿ ಟ್ರ್ಯಾಕ್ಟರ್ ಉಂಟು, ಆದರೆ ಅದಕ್ಕೆ ಉಕ್ಕಿನ ಚಕ್ರ. ಬೆಂಟನ್ ಟೌನಿನ ಒಂದು ತಿರುವಿನಲ್ಲಿ ಅಂಥ ಟ್ರ್ಯಾಕ್ಟರ್ ಡಾಂಬರು ರಸ್ತೆ ದಾಟುವಾಗ ಆದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ, ಹಲ್ಲು ಜುಮ್ಮೆನ್ನುವ ಸದ್ದು. ರಬ್ಬರ್ ಟೈರ್ ಹಾಕಿದರೆ ಟ್ರ್ಯಾಕ್ಟರೇ ಪೇಟೆಗೆ ಹೋಗುವ ವಾಹನವಾಗುತ್ತದೆ, ಪೇಟೆ ಹತ್ತಿರವಾದರೆ ಅಕ್ಕಪಕ್ಕದವರು ದೂರವಾಗುತ್ತಾರೆ ಎಂಬುದು ಅವರ ಲೆಕ್ಕ. ಯಂತ್ರವನ್ನು ಬೇಡ ಎನ್ನದೆ, ಅದು ಎಲ್ಲಿಯವರೆಗೆ ಬರಬಹುದು ಎಂದು ಕೂತು ಮಾತಾಡಿ ತೀರ್ಮಾನಿಸುವ ಈ ಪದ್ಧತಿಯ ಬಗ್ಗೆ ನನಗೆ ಆಳವಾದ ಗೌರವವಿದೆ. ಅವರಿಂದಾಗಿ ಆ ಕೌಂಟಿಯಲ್ಲಿ ಸಣ್ಣ ಹಿಡುವಳಿಗಳು ಉಳಿದವು. ಇಲ್ಲದಿದ್ದರೆ ನೀವು ನೋಡಿದ ಹೊಲಗಳಲ್ಲಿ ಅರ್ಧ ಇಂದು ಪೊದೆಯಾಗಿರುತ್ತಿದ್ದವು.

ಈಗಿನ ತಾಪತ್ರಯಗಳೂ ನೀರಿಗೆ ಸಂಬಂಧಿಸಿದವೇ. ಹೊಲದ ಗೊಬ್ಬರದಂಥವು ಮಳೆನೀರಿನಲ್ಲಿ ಹರಿದು ಸೇರುವುದರಿಂದ ಬೇಸಿಗೆಯ ಕೊನೆಯಲ್ಲಿ ವಿಷಕಾರಿ ಪಾಚಿ ಕಟ್ಟುತ್ತಿದೆ. ಡ್ರೆಸ್ಡನ್ ಬಳಿ ಮುಚ್ಚಿದ್ದ ಕಲ್ಲಿದ್ದಲು ವಿದ್ಯುತ್ ಸ್ಥಾವರವೊಂದು ಅನಿಲಕ್ಕೆ ಬದಲಾಗಿ, ಬಿಟ್‌ಕಾಯಿನ್ ಗಣಕಗಳಿಗೆ ವಿದ್ಯುತ್ ಕೊಡತೊಡಗಿದಾಗ ಊರು ಎರಡು ಪಾಲಾಯಿತು. ಕೆಲವರಿಗೆ ಕೆಲಸ, ತೆರಿಗೆಯ ಆಸೆ. ಕೆಲವರಿಗೆ ಸೆನೆಕಾದ ನೀರಿನ ಚಿಂತೆ. 2022ರಲ್ಲಿ ರಾಜ್ಯ ಸರ್ಕಾರ ಅದರ ವಾಯು ಪರವಾನಗಿಯನ್ನು ನವೀಕರಿಸಲು ಒಪ್ಪಲಿಲ್ಲ. ವಿವಾದ ನ್ಯಾಯಾಲಯ ಹತ್ತಿತು. ನಾನು ನೀರಿನ ಪರ ಚಿಂತಿಸುವವರ ಕಡೆ.

ಮಗಳ ಮನೆಗೆ ಮತ್ತೆ ಹೋದರೆ ಎರಡು ಮಾತು ನೆನಪಿಡಿ. ಮೆನೋನೈಟರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ, ಅವರಿಗೆ ಅದು ಹಿಡಿಸುವುದಿಲ್ಲ. ತರಕಾರಿ ಕೊಳ್ಳಿ, ಬೆಳೆಯ ವಿಷಯ ಕೇಳಿ, ಚೆನ್ನಾಗಿ ಮಾತನಾಡುತ್ತಾರೆ. ಇನ್ನೊಂದು, ಸಾಧ್ಯವಾದರೆ ಸೆಪ್ಟೆಂಬರ್ ಆರಂಭದ ಲೇಬರ್ ಡೇ ವಾರಾಂತ್ಯಕ್ಕೆ ಅಲ್ಲಿರಿ. ಸೆನೆಕಾದವರು ಸುಗ್ಗಿಯ ಹೊತ್ತಿಗೆ ಬೋಳುಗುಡ್ಡದ ಮೇಲೆ ಬೆಂಕಿ ಹಚ್ಚುತ್ತಿದ್ದರು, ಅದನ್ನು ಕಂಡು ದಂಡೆಯುದ್ದಕ್ಕೂ ಬೆಂಕಿಗಳು ಹೊತ್ತಿಕೊಳ್ಳುತ್ತಿದ್ದವು ಎನ್ನುತ್ತಾರೆ. ಈಗ ದಂಡೆಯ ಮನೆಯವರು ಆ ವಾರಾಂತ್ಯದ ಒಂದು ರಾತ್ರಿ ಕ್ಯಾನನ್‌ಡೇಗ್ವಾ ಸುತ್ತ ದೀವಟಿಗೆ ಹಚ್ಚುತ್ತಾರೆ. ರಾಚೆಸ್ಟರ್‌ನಿಂದ ಬೋಳುಗುಡ್ಡಕ್ಕೆ ಕಾರಿನಲ್ಲಿ ಒಂದು ಗಂಟೆಯಷ್ಟು ದಾರಿ. ಹಗಲಿನಲ್ಲೇ ಗುಡ್ಡ ಹತ್ತಿ ಇಳಿದುಬಿಡಿ, ಕತ್ತಲಾಗುವ ಹೊತ್ತಿಗೆ ದಂಡೆಯಲ್ಲಿರಿ. ಸಂಜೆಯಾದರೆ ನೀರಿನ ಕಡೆಯಿಂದ ಚಳಿ ಬರುತ್ತದೆ, ಶಾಲು ಇರಲಿ.